ಪಹಣಿಯ ದಾರಿ: ಆನ್‌ಲೈನ್ ಸಾಧನಗಳ ಕಲಿಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಸಾಸಲು ಒಂದು. ರಾಗಿ ಬೆಳೆದು, ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಬದುಕುವ ಇಲ್ಲಿಯ ಸಾಮಾನ್ಯ ಕುಟುಂಬವೊಂದು ಇಂದು ತನ್ನ ಜಮೀನಿನ ವಿವರಕ್ಕೆ ‘ಭೂಮಿ’ಯನ್ನೂ, ಕ್ರಯಪತ್ರದ ನೋಂದಣಿಗೆ ‘ಕಾವೇರಿ’ಯನ್ನೂ, ಊರೊಳಗಿನ ಮನೆಯ ಖಾತೆಗೆ ‘ಇ-ಸ್ವತ್ತು’ ಅನ್ನೂ, ರಾಗಿ ಖರೀದಿ ಕೇಂದ್ರಕ್ಕೆ ‘ಫ್ರೂಟ್ಸ್’ ಸಂಖ್ಯೆಯನ್ನೂ, ಹೊಲದಲ್ಲಿ ನಿಂತ ಬೆಳೆಯನ್ನು ದಾಖಲಿಸಲು ಬೆಳೆ ಸಮೀಕ್ಷೆಯ ಆಪನ್ನೂ ಆಶ್ರಯಿಸಬೇಕಾಗಿದೆ. ಇವೆಲ್ಲವೂ ಮಾಹಿತಿಯನ್ನು ಹೊಂದಿಸಿಡುವ ಆನ್‌ಲೈನ್ ಸಾಧನಗಳು. ಹೊಂದಿಸಿಡುವುದೆಂದರೆ, ಬೇಕಾದಾಗ ಬೇಕಾದದ್ದು ಕೈಗೆ ಸಿಗುವಂತೆ ಒಂದು ಕ್ರಮದಲ್ಲಿ ಇಡುವುದು.

ಇಂಥ ಸಾಧನಗಳನ್ನು ಕಲಿಯುವುದು ಹೇಗೆ ಎಂಬುದೇ ಈ ಭಾಷಣದ ವಿಷಯ. ಯಾವ ಗುಂಡಿ ಒತ್ತಬೇಕು, ಯಾವುದಾದ ಮೇಲೆ ಯಾವುದು ಎಂದು ತೋರಿಸಿಕೊಡುವುದನ್ನೇ ಸಾಮಾನ್ಯವಾಗಿ ಕಲಿಕೆ ಎಂದುಕೊಳ್ಳಲಾಗಿದೆ. ಆದರೆ ಗುಂಡಿಗಳ ಜಾಗ ಒಂದೆರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪರದೆಯ ಬಣ್ಣವೂ ಬದಲಾಗುತ್ತದೆ, ಕಂಠಪಾಠ ಮಾಡಿದ್ದು ವ್ಯರ್ಥವಾಗುತ್ತದೆ. ಮಾಹಿತಿಯನ್ನು ಜೋಡಿಸಿದ ಕ್ರಮ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಆ ಕ್ರಮವನ್ನು. ಪರದೆಯ ಅಭ್ಯಾಸ ಅದರ ಹಿಂದೆಯೇ ಬರುತ್ತದೆ.

ಈ ಮಾತಿಗೆ ಪಹಣಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಪಹಣಿ ಎಂದರೆ ಒಂದು ತುಂಡು ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಕಂದಾಯ ದಾಖಲೆ. ಇದನ್ನು ಆರ್‌ಟಿಸಿ ಎಂದೂ ಕರೆಯುತ್ತಾರೆ. ಇದರ ಬೇರು ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಮೋಜಣಿಯಲ್ಲಿದೆ. ಆಗ ಹೊಲಗಳನ್ನು ಅಳೆದು, ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ ಕೊಟ್ಟರು. ಅದೇ ಸರ್ವೇ ನಂಬರ್. ಅಳತೆಗೆ ಬಳಸಿದ್ದು 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಸೇರಿದರೆ ಒಂದು ಎಕರೆ. ಗುಂಟೆಯನ್ನು ಹದಿನಾರಾಗಿ ಭಾಗಿಸಿದರೆ ಒಂದು ಆಣೆ.

ಈ ಲೆಕ್ಕವನ್ನು ದೀರ್ಘಕಾಲ ಇಟ್ಟವರು ಶಾನುಭೋಗರು. ವಂಶಪಾರಂಪರ್ಯವಾಗಿ ಬಂದಿದ್ದ ಆ ಹುದ್ದೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಕೊನೆಗೊಂಡಿತು. ಕಾಯಿದೆ ಜಾರಿಗೆ ಬಂದದ್ದು 1963ರಲ್ಲಿ. ಬಳಿಕ ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ ಎಂದಾಗಿದೆ. ಹುದ್ದೆಯ ಹೆಸರು ಬದಲಾದರೂ, ದಫ್ತರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೂ, ಹೊಲದ ಸರ್ವೇ ನಂಬರ್ ಮಾತ್ರ ಹಾಗೆಯೇ ಉಳಿಯಿತು.

ಆಮೇಲೆ ಬಂದದ್ದು ಭೂಮಿ ಯೋಜನೆ. ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ರೈತರ ಜಮೀನಿನ ವಿವರಗಳನ್ನು, 2000ದ ಆಸುಪಾಸಿನ ಕೆಲವೇ ವರ್ಷಗಳಲ್ಲಿ ಕಂಪ್ಯೂಟರಿಗೆ ಏರಿಸಲಾಯಿತು. ತಂತ್ರಾಂಶವನ್ನು ಬೆಂಗಳೂರಿನ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುವಂತಾಯಿತು. ಕಂಪ್ಯೂಟರೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಿದ್ದರಿಂದ, ಯಾರ ಅರ್ಜಿಯನ್ನು ಮೊದಲು ನೋಡಬೇಕೆಂಬುದು ನೌಕರರ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಈ ಒಂದು ನಿಯಮದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆ.

ಮುಂದೆ ಈ ಸೇವೆ ತಾಲ್ಲೂಕಿನಿಂದ ಹೋಬಳಿಯ ನಾಡಕಚೇರಿಗೆ ಬಂತು, ಅಲ್ಲಿಂದ ಅಂತರ್ಜಾಲಕ್ಕೆ, ಅಲ್ಲಿಂದ ಮೊಬೈಲಿಗೆ ಬಂತು. ಇಷ್ಟರಲ್ಲಿ ಪರದೆ ಹಲವು ಸಲ ಬದಲಾಗಿದೆ. ಪಹಣಿಯ ಕಾಲಂಗಳ ಕ್ರಮ ಬದಲಾಗಿಲ್ಲ.

ಇದುವರೆಗೆ ಹೇಳಿದ್ದು ಇಷ್ಟು: ಸಾಧನ ಹೊಸದು, ಕ್ರಮ ಹಳೆಯದು. ಇನ್ನು ಆ ಕ್ರಮವನ್ನು ಹತ್ತಿರದಿಂದ ನೋಡಬೇಕು.

ಅಂತರ್ಜಾಲದಲ್ಲಿ ಪಹಣಿ ನೋಡಲು ಹೊರಟವರಿಗೆ ಪರದೆ ಮೊದಲು ಜಿಲ್ಲೆಯನ್ನು ಕೇಳುತ್ತದೆ: ಬೆಂಗಳೂರು ಗ್ರಾಮಾಂತರ. ಆಮೇಲೆ ತಾಲ್ಲೂಕು: ದೊಡ್ಡಬಳ್ಳಾಪುರ. ಆಮೇಲೆ ಹೋಬಳಿ: ಸಾಸಲು. ಆಮೇಲೆ ಗ್ರಾಮ. ಅಲ್ಲಿಂದ ಮುಂದೆ ಸರ್ವೇ ನಂಬರನ್ನು ಬಳಕೆದಾರರೇ ಬರೆಯಬೇಕು. ಬರೆದು ಮುಂದುವರಿದರೆ ‘ಸರ್ನಾಕ್’ ಎಂಬ ಕಿರುಪಟ್ಟಿ ತೆರೆಯುತ್ತದೆ. ಬಹುಮಂದಿ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಸರ್ವೇ ನಂಬರಿನೊಂದಿಗೆ ಬೇರೆ ಗುರುತು ಇದ್ದರೆ ಅದನ್ನು ಕಾಣಿಸುವ ಜಾಗ ಅದು; ಅಂಥ ಗುರುತು ಇಲ್ಲದ ಹೊಲಗಳಿಗೆ ಅಲ್ಲಿ ಬರಿಯ ನಕ್ಷತ್ರದ ಚಿಹ್ನೆ ಕಾಣುತ್ತದೆ, ಅದನ್ನೇ ಆರಿಸಬೇಕು. ಅದಾದ ಮೇಲೆ ಹಿಸ್ಸಾ ನಂಬರ್. ಹಿಸ್ಸಾ ಎಂದರೆ ಒಂದು ಸರ್ವೇ ನಂಬರ್ ಭಾಗವಾದಾಗ ಬಂದ ತುಂಡು. ಕಟ್ಟಕಡೆಗೆ ಅವಧಿ ಮತ್ತು ವರ್ಷ.

ಕೇಳುಗರು ಇದರಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇಷ್ಟೂ ಪ್ರಶ್ನೆಗಳು ಎರಡೇ ಬಗೆಯವು. ಎಲ್ಲಿ ಎಂಬುದು ಮೊದಲನೆಯದು. ಜಿಲ್ಲೆಯಿಂದ ಹಿಸ್ಸಾದವರೆಗಿನ ಪ್ರಶ್ನೆಗಳೆಲ್ಲ ಜಾಗವನ್ನು ಕಿರಿದು ಮಾಡುತ್ತಾ ಹೋಗುತ್ತವೆ. ಯಾವಾಗ ಎಂಬುದು ಎರಡನೆಯದು. ಯಾರು ಎಂಬ ಪ್ರಶ್ನೆಯನ್ನು ಈ ದಾರಿ ಕೇಳುವುದೇ ಇಲ್ಲ, ಏಕೆಂದರೆ ಯಾರು ಎಂಬುದು ಇಲ್ಲಿ ಉತ್ತರವಾಗಿ ಬರುವ ಸಂಗತಿ. ಇಷ್ಟನ್ನು ಒಮ್ಮೆ ಅರಿತವರು ಪರದೆ ನಾಳೆ ಬೇರೆ ರೂಪ ತಾಳಿದರೂ ದಾರಿ ತಪ್ಪುವುದಿಲ್ಲ.

ಮಾಹಿತಿಯನ್ನು ಹೀಗೆ ದೇಶ, ಕಾಲ ಮುಂತಾದ ಮುಖಗಳಾಗಿ ಒಡೆದು ಜೋಡಿಸಬಹುದೆಂದು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರಲ್ಲಿ ಶಿಯಾಳಿ ರಾಮಾಮೃತ ರಂಗನಾಥನ್ ಅವರು ಪ್ರಮುಖರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಪುಸ್ತಕಗಳನ್ನು ವಿಂಗಡಿಸುವ ತಮ್ಮ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1876ರಲ್ಲಿ, ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ್ದ ದಶಮಾಂಶ ಪದ್ಧತಿಯು ಸಕಲ ವಿಷಯಗಳನ್ನೂ ಮೊದಲೇ ಪಟ್ಟಿ ಮಾಡಿಟ್ಟು, ಒಂದೊಂದು ಪುಸ್ತಕಕ್ಕೂ ಆ ಪಟ್ಟಿಯಲ್ಲೊಂದು ಸ್ಥಾನ ಗೊತ್ತುಮಾಡುತ್ತಿತ್ತು. ರಂಗನಾಥನ್ ಅವರು ಪ್ರತಿಯೊಂದು ವಿಷಯಕ್ಕೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿವೆಯೆಂದೂ, ಈ ಮುಖಗಳನ್ನು ಬೇಕಾದಂತೆ ಸೇರಿಸಿ ವಿಷಯದ ಸ್ಥಾನವನ್ನು ಗುರುತಿಸಬೇಕೆಂದೂ ಪ್ರತಿಪಾದಿಸಿದರು. ಅವರು ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ದಾಖಲೆಗಳ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದ್ದೂ ಅದೇ ನಗರದಲ್ಲಿ. ಸಾಸಲಿನ ರೈತರು ಪಹಣಿ ಹುಡುಕುವಾಗ ದೇಶ, ಕಾಲ ಎಂಬ ಎರಡು ಮುಖಗಳನ್ನು ಹಿಡಿದೇ ನಡೆಯುತ್ತಾರೆ. ಗ್ರಂಥಾಲಯ ಶಾಸ್ತ್ರವು ಪಂಡಿತರಿಗಷ್ಟೇ ಸೇರಿದ್ದಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಾಗ ಹಿಡಿದು ಹುಡುಕುವ ಕ್ರಮ ಈ ತಾಲ್ಲೂಕಿಗೆ ಇನ್ನೊಂದು ರೀತಿಯಲ್ಲೂ ಪರಿಚಿತ. ಬಿ. ಎಲ್. ರೈಸ್ ಅವರು ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದಾಗ, ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳಿಗೆ ಬೇರೆಯೇ ಸರಣಿ ಸಂಖ್ಯೆ ಕೊಟ್ಟರು. ತಾಲ್ಲೂಕು ಮತ್ತು ಸಂಖ್ಯೆ, ಇವೆರಡು ಗೊತ್ತಿದ್ದರೆ ಇಂದಿಗೂ ಶಾಸನ ಸಿಗುತ್ತದೆ.

ಹುಡುಕುವ ದಾರಿಯ ಮಾತು ಇಲ್ಲಿಗೆ ಮುಗಿಯಿತು. ಸಿಕ್ಕಿದ್ದನ್ನು ಓದುವುದು ಮುಂದಿನ ಮಾತು.

ಪಹಣಿಯ ಹಾಳೆಯನ್ನು ಕಣ್ಣಿನ ಮುಂದೆ ಕಲ್ಪಿಸಿಕೊಳ್ಳಬೇಕು. ಎಡ ತುದಿಯಲ್ಲಿ ಸರ್ವೇ ನಂಬರ್ ಮತ್ತು ಹಿಸ್ಸಾ. ಅದರ ಪಕ್ಕದಲ್ಲಿ ವಿಸ್ತೀರ್ಣ, ಅದರೊಳಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಅಥವಾ ದಾರಿ ಹಳ್ಳಗಳಿಗೆ ಸೇರಿದ ನೆಲ. ನಡುವೆ ಒಂಬತ್ತನೆಯ ಕಾಲಂ. ಅದು ಹಕ್ಕುದಾರರ ಹೆಸರು. ಹತ್ತನೆಯದು ಆ ಹಕ್ಕು ಬಂದ ಬಗೆ: ಕ್ರಯವೋ, ವಿಭಾಗವೋ, ಪೌತಿಯೋ, ಮಂಜೂರಾತಿಯೋ. ಹನ್ನೊಂದನೆಯದು ಇತರರ ಹಕ್ಕು ಮತ್ತು ಋಣ; ಬ್ಯಾಂಕಿನ ಸಾಲ ಕಾಣುವುದು ಇಲ್ಲಿ. ಹನ್ನೆರಡನೆಯದು ಸಾಗುವಳಿದಾರರು ಮತ್ತು ಬೆಳೆ.

ವಿಸ್ತೀರ್ಣದ ಕಾಲಂ ಕಂಪ್ಯೂಟರ್ ಬಲ್ಲ ಎಳೆಯರನ್ನೂ ಎಡವಿಸುತ್ತದೆ. ಅಲ್ಲಿ 1.30 ಎಂದಿದ್ದರೆ ಅದು ಒಂದು ಎಕರೆ ಮೂವತ್ತು ಗುಂಟೆ. ಇನ್ನೊಂದು ಹೊಲ 1.20 ಇದೆ ಎಂದುಕೊಳ್ಳೋಣ. ಎರಡನ್ನೂ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 2.50 ಎಂದು ಬರುತ್ತದೆ. ಅದನ್ನು ಎರಡೂವರೆ ಎಕರೆ ಎಂದು ಓದಿಬಿಡುವುದು ಸುಲಭ. ನಿಜವಾದ ಮೊತ್ತ ಮೂರು ಎಕರೆ ಹತ್ತು ಗುಂಟೆ, ಏಕೆಂದರೆ 40 ಗುಂಟೆಗೆ ಎಕರೆ ತುಂಬುತ್ತದೆ. ಮೂವತ್ತು ಗುಂಟೆ ನೆಲ ಹೀಗೆ ಲೆಕ್ಕದಲ್ಲೇ ಮಾಯವಾಗುತ್ತದೆ. ಮನೆಯ ಅಜ್ಜ ಇದನ್ನು ಬಾಯಿಲೆಕ್ಕದಲ್ಲಿ ಹೇಳಬಲ್ಲರು, ಮೊಮ್ಮಗಳು ಪರದೆಯನ್ನು ತೆರೆಯಬಲ್ಲಳು. ಇಬ್ಬರೂ ಒಟ್ಟಿಗೆ ಕೂತಾಗ ಮಾತ್ರ ಕಲಿಕೆ ಪೂರ್ಣವಾಗುತ್ತದೆ.

ಒಂಬತ್ತನೆಯ ಕಾಲಮಿನಲ್ಲಿ ಬೇರೊಂದು ತೊಡಕಿದೆ. ಕಂದಾಯ ಭಾಷೆಯಲ್ಲಿ ತಂದೆಯ ಹೆಸರಿನ ಹಿಂದೆ ‘ಬಿನ್’ ಎಂದೂ, ಗಂಡನ ಹೆಸರಿನ ಹಿಂದೆ ‘ಕೋಂ’ ಎಂದೂ ಬರೆಯುವುದು ವಾಡಿಕೆ. ಪಹಣಿಯಲ್ಲಿ ‘ಮುನಿಯಪ್ಪ ಬಿನ್ ಹನುಮಯ್ಯ’ ಎಂದಿರುವ ವ್ಯಕ್ತಿ ಆಧಾರ್ ಕಾರ್ಡಿನಲ್ಲಿ ಇನಿಶಿಯಲ್ ಸಹಿತ ‘ಮುನಿಯಪ್ಪ ಎಚ್.’ ಆಗಿರಬಹುದು, ಬ್ಯಾಂಕಿನಲ್ಲಿ ‘ಮುನಿರಾಜು’ ಆಗಿರಬಹುದು. ಊರಿಗೆಲ್ಲ ಅವರು ಒಬ್ಬರೇ ಎಂದು ಗೊತ್ತು. ಯಂತ್ರಕ್ಕೆ ಅವರು ಮೂವರು. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಈ ಹೆಸರುಗಳ ವ್ಯತ್ಯಾಸದ ಭಾರ ಹೊತ್ತವರು ಹಳ್ಳಿಯ ಜನರೇ. ಮಾಹಿತಿಯನ್ನು ಹೊಂದಿಸುವ ಯಾವ ಸಾಧನಕ್ಕಾದರೂ ಒಬ್ಬರಿಗೆ ಒಂದೇ ಹೆಸರು ಇರಬೇಕು ಎಂಬ ಅರಿವು ಶಾಲೆಯ ದಾಖಲಾತಿಯ ದಿನದಿಂದಲೇ ಬರಬೇಕಾದದ್ದು.

ಕೇಳುಗರೆ, ಸರ್ವೇ ನಂಬರ್ ಎಂಬ ಒಂದು ಹಿಡಿ ಸಿಕ್ಕಿತೆಂದರೆ ಉಳಿದ ಸಾಧನಗಳೂ ಅದರಿಂದಲೇ ತೆರೆದುಕೊಳ್ಳುತ್ತವೆ. ಫ್ರೂಟ್ಸ್ ಎಂಬುದು ರೈತರ ಹೆಸರು, ಆಧಾರ್, ಬ್ಯಾಂಕ್ ಖಾತೆ ಮತ್ತು ಅವರ ಎಲ್ಲ ಸರ್ವೇ ನಂಬರುಗಳನ್ನು ಒಂದೇ ಗುರುತಿನ ಸಂಖ್ಯೆಯಡಿ ಸೇರಿಸುವ ವ್ಯವಸ್ಥೆ. ಆ ಸಂಖ್ಯೆಯನ್ನು ಜನ ಎಫ್‌ಐಡಿ ಎನ್ನುತ್ತಾರೆ. ಬೆಂಬಲ ಬೆಲೆಗೆ ರಾಗಿ ಕೊಡುವಾಗ ಎಕರೆಗೆ ಇಂತಿಷ್ಟು ಕ್ವಿಂಟಲ್ ಎಂಬ ಮಿತಿ ಇರುವುದರಿಂದ, ಒಂದು ಸರ್ವೇ ನಂಬರ್ ಆ ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಕೊಡಬಹುದಾದ ರಾಗಿಯ ಪ್ರಮಾಣವೂ ಅಷ್ಟು ಕಡಿಮೆಯಾಗುತ್ತದೆ. ಖರೀದಿ ಕೇಂದ್ರದ ಸಾಲಿನಲ್ಲಿ ನಿಂತ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ. ಬಿತ್ತನೆಯ ಕಾಲದಲ್ಲೇ ಪಟ್ಟಿ ನೋಡಿಕೊಳ್ಳಬೇಕು.

ಬೆಳೆ ಸಮೀಕ್ಷೆಯದೂ ಇದೇ ಹಾದಿ. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದಲ್ಲಿ ನಿಂತು, ಸರ್ವೇ ನಂಬರ್ ಆರಿಸಿ, ಬೆಳೆಯ ಹೆಸರು ನಮೂದಿಸಿ, ಫೋಟೋ ತೆಗೆದು ಕಳುಹಿಸುವ ಅವಕಾಶ ಬಂದಿದೆ. ಈ ಸೀಮೆಯ ರಾಗಿ ಹೊಲದಲ್ಲಿ ರಾಗಿ ಒಂದೇ ಇರುವುದಿಲ್ಲ. ನಡುನಡುವಿನ ಅಕ್ಕಡಿ ಸಾಲುಗಳಲ್ಲಿ ಅವರೆ ಇರುತ್ತದೆ, ತೊಗರಿ ಇರುತ್ತದೆ, ಹುಚ್ಚೆಳ್ಳು ಇರುತ್ತದೆ, ಬದುವಿನಲ್ಲಿ ಜೋಳ ನಿಂತಿರುತ್ತದೆ. ಆಪಿನಲ್ಲಿ ಮಿಶ್ರ ಬೆಳೆ ನಮೂದಿಸಲು ಅವಕಾಶವಿದ್ದರೂ, ಅವಸರದಲ್ಲಿ ಒಂದೇ ಬೆಳೆಯನ್ನು ಬರೆದು ಮುಗಿಸಿಬಿಡುವುದುಂಟು. ಆಗ ಅಕ್ಕಡಿಯ ಸಾಲುಗಳು ಲೆಕ್ಕಕ್ಕೇ ಬರುವುದಿಲ್ಲ. ಇದು ಚಿಕ್ಕ ಸಂಗತಿಯಲ್ಲ. ಒಂದು ಸೀಮೆಯ ಬೇಸಾಯದ ಜಾಣ್ಮೆ ದಾಖಲೆಯಿಂದ ಮರೆಯಾದರೆ, ದಾಖಲೆಯನ್ನು ನೋಡಿ ಮಾಡುವ ಯೋಜನೆಗಳಿಂದಲೂ ಮರೆಯಾಗುತ್ತದೆ.

ನಿಂತ ಜಾಗದ ಸರ್ವೇ ನಂಬರನ್ನು ನಕ್ಷೆಯ ಮೇಲೆ ತೋರಿಸುವ ‘ದಿಶಾಂಕ್’ ಎಂಬ ಆಪ್ ಇದೆ. ಅದು ಅಂದಾಜು ತಿಳಿಯಲು ಉಪಯುಕ್ತ. ಬದುವಿನ ತಕರಾರಿಗೆ ಭೂಮಾಪಕರ ಅಳತೆಯೇ ಬೇಕು.

ಸರ್ಕಾರ ಹೊಂದಿಸಿಟ್ಟ ಮಾಹಿತಿಯ ವಿಷಯ ಇದಾಯಿತು. ಮನೆಯೊಳಗಿನ ಕಾಗದಗಳನ್ನು ಹೊಂದಿಸುವುದು ಅಷ್ಟೇ ಮುಖ್ಯ. ಹಳ್ಳಿಯ ಮನೆಗಳಲ್ಲಿ ಕ್ರಯಪತ್ರ, ಪಾಲುಪಟ್ಟಿ, ಸಾಗುವಳಿ ಚೀಟಿ, ಕಂದಾಯದ ರಸೀದಿ, ಋಣಭಾರ ಪತ್ರ, ಎಲ್ಲವೂ ಒಂದು ಟ್ರಂಕಿನಲ್ಲಿ ಇರುತ್ತವೆ. ಈಗ ಅವುಗಳ ಫೋಟೋಗಳು ಯಾರೋ ಒಬ್ಬರ ಮೊಬೈಲಿನಲ್ಲಿ, ಮದುವೆಯ ಫೋಟೋಗಳ ನಡುವೆ, ಯಂತ್ರವೇ ಕೊಟ್ಟ ಅಂಕಿಗಳ ಹೆಸರಿನಲ್ಲಿ ಬಿದ್ದಿರುತ್ತವೆ. ಹಾಗಿರುವುದನ್ನು ಇದೆ ಎನ್ನಬಹುದೇ ಹೊರತು ಸಿಗುತ್ತದೆ ಎನ್ನಲಾಗದು. ಭೂಮಿ ವ್ಯವಸ್ಥೆಯ ಕ್ರಮವನ್ನೇ ಮನೆಗೂ ತರಬಹುದು. ಪ್ರತಿಯೊಂದು ಕಾಗದದ ಫೋಟೋಗೆ ಊರು, ಸರ್ವೇ ನಂಬರ್, ಹಿಸ್ಸಾ, ಕಾಗದದ ಬಗೆ, ವರ್ಷ ಎಂಬ ಅನುಕ್ರಮದಲ್ಲಿ ಹೆಸರಿಡಬೇಕು. ಉದಾಹರಣೆಗೆ ಮಾತ್ರ ಹೇಳುವುದಾದರೆ, ‘ಸಾಸಲು, 45, 2, ಪಾಲುಪಟ್ಟಿ, 1998’. ಹೀಗೆ ಇಟ್ಟ ಕಡತಗಳು ತಾವಾಗಿಯೇ ಹೊಲದ ಪ್ರಕಾರ ಒಂದೆಡೆ ಸೇರಿಕೊಳ್ಳುತ್ತವೆ. ಎಲ್ಲ ಕಾಗದದಲ್ಲೂ ಒಂದೇ ಅನುಕ್ರಮ ಇರಬೇಕು, ಒಂದೇ ಲಿಪಿ ಇರಬೇಕು. ಅಂಕಪಟ್ಟಿ, ಚಾಲನಾ ಪರವಾನಗಿಯಂಥ ಪತ್ರಗಳಿಗೆ 2015ರಲ್ಲಿ ಬಂದ ಡಿಜಿಲಾಕರ್ ಇದೆ. ಅದರೊಳಗೆ ಇಲಾಖೆಯೇ ನೇರವಾಗಿ ಕೊಟ್ಟ ಪತ್ರಕ್ಕೆ ಮೂಲದಷ್ಟೇ ಮಾನ್ಯತೆ ಉಂಟು, ನಾವೇ ಫೋಟೋ ತೆಗೆದು ಹಾಕಿದ್ದಕ್ಕೆ ಇಲ್ಲ. ಪಹಣಿಯಲ್ಲೂ ಇದೇ ವ್ಯತ್ಯಾಸವಿದೆ. ಪರದೆಯ ಮೇಲೆ ಉಚಿತವಾಗಿ ನೋಡುವುದು ತಿಳಿವಳಿಕೆಗೆ. ಶುಲ್ಕ ಕಟ್ಟಿ ಪಡೆದ ಪ್ರತಿ ವ್ಯವಹಾರಕ್ಕೆ.

ಹುಡುಕುವುದು, ಓದುವುದು, ಮನೆಯಲ್ಲಿ ಇಡುವುದು, ಈ ಮೂರನ್ನೂ ಹೇಳಿದ್ದಾಯಿತು. ಯಾರು ಕಲಿಯಬೇಕು ಎಂಬುದು ಉಳಿದಿದೆ.

ಅನೇಕ ಮನೆಗಳು ಈ ಕೆಲಸವನ್ನು ಪೇಟೆಯ ಸೈಬರ್ ಅಂಗಡಿಗೆ ಬಿಟ್ಟಿವೆ. ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ನೋಂದಣಿಯ ವೇಳೆ ಅಂಗಡಿಯವರ ಮೊಬೈಲ್ ಸಂಖ್ಯೆಯನ್ನೇ ಕೊಟ್ಟುಬಿಟ್ಟರೆ, ಮುಂದೆ ಪ್ರತಿ ಸಲ ಬರುವ ಓಟಿಪಿ ಅವರಿಗೇ ಹೋಗುತ್ತದೆ. ಓಟಿಪಿ ಎಂದರೆ ಒಮ್ಮೆ ಮಾತ್ರ ಬಳಸುವ ರಹಸ್ಯ ಸಂಖ್ಯೆ. ಅದು ಯಾರ ಮೊಬೈಲಿಗೆ ಬರುತ್ತದೆಯೋ ದಾಖಲೆಯ ಬೀಗದ ಕೈ ಅವರಲ್ಲಿರುತ್ತದೆ. ಮನೆಯ ಸಂಖ್ಯೆಯೇ ಅಲ್ಲಿರಬೇಕು ಎಂಬುದರಲ್ಲಿ ರಾಜಿ ಕೂಡದು.

ಹೆಣ್ಣುಮಕ್ಕಳು ಕಲಿಯಬೇಕಾದ ಅಗತ್ಯ ಇನ್ನೂ ಹೆಚ್ಚಿನದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಹಕ್ಕು ಕಾನೂನಿನಲ್ಲಿದೆ. ಅದು ಒಂಬತ್ತನೆಯ ಕಾಲಮಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ನೋಡಲು ಆ ಮಗಳಿಗೆ ಊರು ಮತ್ತು ಸರ್ವೇ ನಂಬರ್ ಗೊತ್ತಿರಬೇಕು. ಟ್ರಂಕಿನ ಕೀಲಿ ತನ್ನ ಬಳಿ ಇಲ್ಲದಿದ್ದರೂ ಪಹಣಿ ನೋಡಬಲ್ಲೆನೆಂಬ ಸ್ಥಿತಿ ಹಿಂದೆ ಇರಲಿಲ್ಲ. ಈ ಸಾಧನಗಳು ತಂದಿರುವ ನಿಜವಾದ ಬದಲಾವಣೆ ಇದೇ. ಇದನ್ನು ಕಲಿಯಲು ಜಾಗವೂ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆನಿಸಿವೆ. ಕಂಪ್ಯೂಟರ್ ಇರುವ ಅರಿವು ಕೇಂದ್ರದಲ್ಲಿ ಸ್ತ್ರೀಶಕ್ತಿ ಗುಂಪಿನ ಸದಸ್ಯೆಯರು ಸೇರಿ, ತಮ್ಮ ತಮ್ಮ ಹೊಲದ ಪಹಣಿಯನ್ನೇ ಪಠ್ಯವಾಗಿಟ್ಟುಕೊಂಡು ಕಲಿಯುವುದಾದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಇನ್ನೊಂದೇ ವಿಷಯ. ಎಷ್ಟೋ ಪಹಣಿಗಳು ತೀರಿಹೋದ ತಾತಂದಿರ ಹೆಸರಿನಲ್ಲೇ ಉಳಿದಿವೆ. ಅವನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷದ ಜೊತೆಗೆ ಹಳೆಯ ದಾಖಲೆಗಳೂ ಬೇಕಾಗಬಹುದು. ಅಂತರ್ಜಾಲದಲ್ಲಿ ಸಿಗುವ ಪಹಣಿ ಸರಿಸುಮಾರು ಭೂಮಿ ಯೋಜನೆಯ ಕಾಲದಿಂದ ಈಚಿನದು. ಅದಕ್ಕಿಂತ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ವಹಿ, ಮಂಜೂರಾತಿ ಕಡತಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿವೆ. ಅವುಗಳನ್ನು ‘ಭೂ ಸುರಕ್ಷಾ’ ಯೋಜನೆಯಡಿ 2024ರಿಂದ ಸ್ಕ್ಯಾನ್ ಮಾಡಲಾಗುತ್ತಿದೆ. ಪಹಣಿಯ ಹತ್ತನೆಯ ಕಾಲಮಿನಲ್ಲಿ ಎಂ.ಆರ್. ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಮತ್ತು ವರ್ಷ ಇರುತ್ತದೆ. ಅದು ಹಕ್ಕು ಬದಲಾವಣೆಯ ವಹಿಯ ಸಂಖ್ಯೆ. ಊರು, ಸರ್ವೇ ನಂಬರ್, ಹಿಸ್ಸಾಗಳ ಜೊತೆಗೆ ಆ ಸಂಖ್ಯೆಯನ್ನೂ ವರ್ಷವನ್ನೂ ಅರ್ಜಿಯಲ್ಲಿ ಬರೆದುಕೊಟ್ಟವರಿಗೆ, ಕಡತ ಇನ್ನೂ ಬಟ್ಟೆಯ ಗಂಟಿನಲ್ಲಿದ್ದರೂ, ಆಗಲೇ ಪರದೆಗೆ ಬಂದಿದ್ದರೂ, ಹುಡುಕಬೇಕಾದ ಜಾಗ ಒಂದೇ.